‘ಸೂಪರ್ ಸರ್’ ಎಂದರೆ ಕಲಿಯುವುದೇನು? ಹವ್ಯಾಸಿಗಳ ಚಿತ್ರಕ್ಕೆ ಅಭಿಪ್ರಾಯ ಹೇಳುವ ಬಗೆ

ಬೆಳಕಿಂಡಿ (ಸಾಗರ):

ಹೊಸಬರು ತಾವು ತೆಗೆದ ಚಿತ್ರ ತೋರಿಸಿದಾಗ ನಮ್ಮಲ್ಲಿ ಹೆಚ್ಚಾಗಿ ಎರಡು ಬಗೆಯ ಉತ್ತರ ಸಿಗುತ್ತದೆ. ಒಂದು ‘ಸೂಪರ್ ಸರ್’. ಇನ್ನೊಂದು ‘ಶಾರ್ಪ್ ಇಲ್ಲ, ನಾಯ್ಸ್ (ತರಿತರಿ) ಜಾಸ್ತಿ, ಕ್ರಾಪ್ ಮಾಡಿ’. ಮೊದಲನೆಯದರಿಂದ ಹಿತವಾಗುತ್ತದೆ, ಎರಡನೆಯದರಿಂದ ನೋವಾಗುತ್ತದೆ. ಮುಂದಿನ ಸಲ ಕ್ಯಾಮೆರಾ ಎತ್ತಿದಾಗ ಏನು ಮಾಡಬೇಕೆಂಬುದು ಮಾತ್ರ ಎರಡರಿಂದಲೂ ತಿಳಿಯುವುದಿಲ್ಲ. ಇದರ ಬಗ್ಗೆ ಅನುಭವಸ್ಥರು ಮನಬಿಚ್ಚಿ ಮಾತನಾಡಲಿ ಎಂದು ಈ ಚರ್ಚೆ ಆರಂಭಿಸುತ್ತಿದ್ದೇನೆ.

ನಮ್ಮ ಬಳಗಕ್ಕೆ ಬರುವ ಕಾಲೇಜು ಹುಡುಗನೊಬ್ಬ ಬಡಗುತಿಟ್ಟು ಶೈಲಿಯ ಯಕ್ಷಗಾನದ ಚಿತ್ರ ತಂದಿದ್ದ. ಕೇದಗೆ ಮುಂದಲೆ ಎಂಬ ಶಿರೋಭೂಷಣದ ವೇಷಧಾರಿ ಗಿರಕಿ ಹೊಡೆಯುತ್ತಿರುವ ಕ್ಷಣ. ವೇಷದ ಮುಖ ಕದಡಿಹೋಗಿದೆ. ಹಿಂದೆ ಕುಳಿತ ಭಾಗವತರು ಸ್ಪಷ್ಟವಾಗಿದ್ದಾರೆ, ಅವರ ಕಣ್ಣು ವೇಷದ ಕಾಲಿನ ಮೇಲೆ ನೆಟ್ಟಿದೆ. ಹಿರಿಯರೊಬ್ಬರು ‘ಮುಖವೇ ಶಾರ್ಪ್ ಇಲ್ಲ, ಅಳಿಸಿಬಿಡು’ ಎಂದರು. ಹುಡುಗ ಮರುಮಾತಿಲ್ಲದೆ ಮೊಬೈಲನ್ನು ಜೇಬಿಗಿಟ್ಟುಕೊಂಡ.

‘ನೀನು ಏನನ್ನು ಹಿಡಿಯಲು ಹೊರಟಿದ್ದೆ?’ ಎಂದು ಕೇಳಿದೆ. ‘ಕುಣಿತದ ರಭಸ’ ಎಂದ. ಹಾಗಿದ್ದರೆ ಮುಖ ಕದಡಿದ್ದು ತಪ್ಪೇ ಅಲ್ಲ. ತೊಂದರೆ ಇರುವುದು ಬೇರೆಡೆ. ಅವನು ಇಟ್ಟುಕೊಂಡಿದ್ದ ಶಟರ್ ವೇಗ (ಶಟರ್ ತೆರೆದಿರುವ ಹೊತ್ತು) 1/80 ಸೆಕೆಂಡ್. ಆ ವೇಗದಲ್ಲಿ ಮುಖ ನಿಲ್ಲುವುದೂ ಇಲ್ಲ, ಉಡುಗೆಯ ಬಣ್ಣಗಳು ಗೆರೆಗಳಾಗಿ ಹರಿಯುವುದೂ ಇಲ್ಲ. ರಭಸವೇ ಬೇಕಿದ್ದರೆ 1/15ಕ್ಕೆ ಇಳಿಸಿ, ಕ್ಯಾಮೆರಾವನ್ನು ಚಪ್ಪರದ ಕಂಬಕ್ಕೆ ಆನಿಸಿ ತೆಗೆಯಬೇಕು. ಮುಖವೇ ಬೇಕಿದ್ದರೆ 1/500ಕ್ಕೆ ಏರಿಸಿ, ಐಎಸ್‌ಓ (ಕ್ಯಾಮೆರಾದ ಬೆಳಕಿನ ಸಂವೇದನೆ) ಹೆಚ್ಚಾಗಿ ಚಿತ್ರ ತರಿತರಿಯಾದರೂ ಒಪ್ಪಿಕೊಳ್ಳಬೇಕು. ಭಾಗವತರ ನೋಟ ಹೇಗೂ ಸಿಕ್ಕಿದೆ, ಅದು ಈ ಚಿತ್ರದ ಜೀವ. ಅದನ್ನು ಬಿಡಬೇಡ ಎಂದೆ. ಅವನು ಮೊಬೈಲನ್ನು ಮತ್ತೆ ಹೊರತೆಗೆದು ಉಳಿದ ಚಿತ್ರಗಳನ್ನೂ ತೋರಿಸಿದ.

ನನ್ನ ಅಭಿಪ್ರಾಯ ಇಷ್ಟು. ತೀರ್ಪು ಕೊಡುವ ಮೊದಲು, ನನ್ನ ಕಣ್ಣಿಗೆ ಏನು ಕಂಡಿತು ಎಂಬುದನ್ನು ಹೇಳಬೇಕು. ತೆಗೆದವರ ಉದ್ದೇಶ ಕೇಳಬೇಕು. ಆಮೇಲೆ ಆ ಉದ್ದೇಶಕ್ಕೆ ಅಡ್ಡ ಬಂದ ಒಂದೋ ಎರಡೋ ಸಂಗತಿಗಳನ್ನಷ್ಟೇ ತೋರಿಸಬೇಕು. ಹತ್ತು ಕುಂದುಗಳನ್ನು ಒಟ್ಟಿಗೆ ಹೇಳಿದರೆ ಯಾವುದೂ ತಲೆಯಲ್ಲಿ ಉಳಿಯುವುದಿಲ್ಲ.

ಕಡಲತಡಿ (ಉಡುಪಿ):

ಯಕ್ಷಗಾನದ ಮಾತಿಗೆ ಒಂದು ಸೇರ್ಪಡೆ. ಈಗ ಅನೇಕ ರಂಗಸ್ಥಳಗಳಲ್ಲಿ ಎಲ್‌ಇಡಿ ದೀಪಗಳಿವೆ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಕೆಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣದಿದ್ದರೂ 1/500ರಲ್ಲಿ ತೆಗೆದರೆ ಚಿತ್ರದ ಮೇಲೆ ಅಡ್ಡಪಟ್ಟಿ ಬೀಳಬಹುದು. 1/100 ಅಥವಾ 1/50ರಲ್ಲಿ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಆ ಹುಡುಗನ ಚಿತ್ರದಲ್ಲಿ ಪಟ್ಟಿ ಕಂಡರೆ ‘ಕ್ಯಾಮೆರಾ ಸರಿಯಿಲ್ಲ’ ಎಂದು ಯಾರಾದರೂ ಹೇಳಿ ಅವನಿಂದ ಹೊಸ ಕ್ಯಾಮೆರಾ ಕೊಳ್ಳಿಸಬಾರದಲ್ಲ, ಅದಕ್ಕಾಗಿ ಹೇಳಿದೆ.

ಕತ್ತಲಕೋಣೆ (ಬೆಂಗಳೂರು):

ಬೆಳಕಿಂಡಿಯವರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ನಾನು ಪೂರ್ತಿ ಒಪ್ಪುವುದಿಲ್ಲ. ನಾನು ಫಿಲಂ ಕಾಲದಲ್ಲಿ ಕಲಿತವನು. ಒಂದು ರೋಲಿನಲ್ಲಿ 36 ಚಿತ್ರ, ಪ್ರತಿಯೊಂದಕ್ಕೂ ಹಣ. ಹಿರಿಯರ ಮುಂದೆ ಪ್ರಿಂಟ್ ಇಟ್ಟರೆ ಮೊದಲು ಅದನ್ನು ತಲೆಕೆಳಗಾಗಿ ತಿರುಗಿಸುತ್ತಿದ್ದರು. ಹಾಗೆ ತಿರುಗಿಸಿದಾಗ ಅದರಲ್ಲಿರುವುದು ಹಕ್ಕಿಯೋ ಮನುಷ್ಯನೋ ಎಂಬುದು ಹಿಂದೆ ಸರಿದು, ಬೆಳಕು, ನೆರಳು, ಭಾರ ಮಾತ್ರ ಕಾಣುತ್ತದೆ. ಆಮೇಲೆ ಎಲ್ ಆಕಾರದ ಎರಡು ಕಪ್ಪು ರಟ್ಟು ತೆಗೆದು ಚಿತ್ರದ ಮೇಲೆ ಸರಿಸುತ್ತಾ ‘ಇಲ್ಲಿಗೆ ನಿಲ್ಲಿಸಬೇಕಿತ್ತು’ ಎನ್ನುತ್ತಿದ್ದರು. ಇಷ್ಟವಾಗದಿದ್ದರೆ ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದರು.

ಬೆಂಗಳೂರಿನ ಛಾಯಾಗ್ರಹಣ ಪರಂಪರೆ ಬೆಳೆದದ್ದು ಅಂಥ ಮೇಜುಗಳ ಸುತ್ತಲೇ. ಡಾ. ಜಿ. ಥಾಮಸ್ ಅವರು 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು ಕಟ್ಟಿದರು. 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ವನ್ಯಜೀವಿ ಛಾಯಾಗ್ರಹಣದಲ್ಲಿ ದೊಡ್ಡ ಹೆಸರಾದ ಟಿ.ಎನ್.ಎ. ಪೆರುಮಾಳ್ ಅವರಿಗೆ ಓ.ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನ ಇತ್ತು. ಕಲಿಸುವವರು ಇದ್ದರು, ಕೇಳಿಸಿಕೊಳ್ಳುವವರೂ ಇದ್ದರು. ಸಲೋನ್ (ಛಾಯಾಚಿತ್ರ ಪ್ರದರ್ಶನ) ಸ್ಪರ್ಧೆಗೆ ಕಳುಹಿಸಿದರೆ ತೀರ್ಪುಗಾರರು ಕೆಲವೇ ಸೆಕೆಂಡು ನೋಡಿ ಅಂಕ ಒತ್ತುತ್ತಾರೆ. ಅಲ್ಲಿ ನಿಮ್ಮ ಉದ್ದೇಶ ಏನಿತ್ತೆಂದು ಯಾರೂ ಕೇಳುವುದಿಲ್ಲ. ಚಿತ್ರ ತಾನೇ ಮಾತನಾಡಬೇಕು. ಕಟುವಾದ ಮಾತು ಮೊದಲೇ ಕೇಳಿದವನಿಗೆ ಅಲ್ಲಿ ಆಘಾತವಾಗುವುದಿಲ್ಲ.

ಕಡಲತಡಿ (ಉಡುಪಿ):

ಸರ್, ಆ ಕಟುಮಾತಿನ ಜೊತೆಗೆ ರಟ್ಟು ಸರಿಸುವ ಕೈಯೂ ಇತ್ತು. ಹೇಳಿದವರು ಎದುರಿಗೇ ಕುಳಿತಿದ್ದರು, ‘ಹೇಗೆ?’ ಎಂದು ಕೇಳಿದರೆ ತೋರಿಸುತ್ತಿದ್ದರು. ಇಂದು ಬಸ್ಸಿನಲ್ಲಿ ನಿಂತು, ಅಂಗೈ ಅಗಲದ ಪರದೆಯಲ್ಲಿ ಎರಡು ಸೆಕೆಂಡು ನೋಡಿ, ‘ಕಾಂಪೋಸಿಷನ್ ಸರಿಯಿಲ್ಲ’ ಎಂದು ಬರೆದು ಮುಂದೆ ಹೋಗುವವರಲ್ಲಿ ಕಟುತನ ಮಾತ್ರ ಉಳಿದಿದೆ. ನನ್ನ ತಕರಾರು ಕಟುತನದ ಬಗ್ಗೆ ಅಲ್ಲ, ಅವಸರದ ಬಗ್ಗೆ.

ಹೊಸ ಕಣ್ಣು (ಕಾರ್ಕಳ):

ಎಲ್ಲರಿಗೂ ನಮಸ್ಕಾರ. ನನ್ನದೇ ಒಂದು ಚಿತ್ರ ಲಗತ್ತಿಸಿದ್ದೇನೆ. ಮೊಬೈಲ್ ಬಿಟ್ಟು ಕ್ಯಾಮೆರಾ ಹಿಡಿದ ಮೇಲೆ ಇದು ನನ್ನ ಮೊದಲ ಕಂಬಳ ಋತು. ಓಟ ಮುಗಿಯುವ ಮಂಜೊಟ್ಟಿಯ ಕಡೆ ನಿಂತು, ಎದುರಿನಿಂದ ಓಡಿಬರುವ ಹಗ್ಗ ವಿಭಾಗದ (ಓಟಗಾರ ಹಗ್ಗ ಹಿಡಿದು ಹಿಂದೆ ಓಡುವ) ಕೋಣಗಳನ್ನು ತೆಗೆದದ್ದು. ಸಮಯ ಮಧ್ಯಾಹ್ನ. 300 ಮಿ.ಮೀ., ಎಫ್ 5.6, 1/1250 ಸೆಕೆಂಡ್, ಐಎಸ್‌ಓ 400. ಸ್ನೇಹಿತರೆಲ್ಲ ‘ಬೆಂಕಿ’ ಎಂದರು. ಆ ಧೈರ್ಯದಿಂದ ಒಂದು ಸ್ಪರ್ಧೆಗೆ ಕಳುಹಿಸಿದೆ, ಆಯ್ಕೆಯಾಗಲಿಲ್ಲ. ಏಕೆಂದು ಯಾರೂ ಹೇಳಲಿಲ್ಲ. ದಯವಿಟ್ಟು ನೇರವಾಗಿಯೇ ಹೇಳಿ.

ಬೆಳಕಿಂಡಿ (ಸಾಗರ):

ದೊಡ್ಡ ಪರದೆಯಲ್ಲಿ ತೆರೆದು ನೋಡಿದೆ. ನನ್ನ ಕಣ್ಣು ಹೋದ ದಾರಿಯನ್ನು ಹೇಳುತ್ತೇನೆ. ಮೊದಲು ಎಡಗಡೆಯ ಕೋಣದ ಕಣ್ಣು. ಅದು ಹರಳಿನಷ್ಟು ಸ್ಪಷ್ಟವಾಗಿದೆ, ಅದರೊಳಗೆ ಬೆಳಕಿನ ಚುಕ್ಕಿಯೂ ಇದೆ. ನಂತರ ಮೂಗಿನ ಹೊಳ್ಳೆಯ ನೊರೆ. ಅಲ್ಲಿಂದ ಮೇಲೆ ಎದ್ದ ನೀರಿಗೆ ಹೋಗುವಾಗ ಕಣ್ಣು ಜಾರಿತು. ಆ ನೀರು ಬರಿಯ ಬಿಳಿ ಹಾಳೆಯಾಗಿದೆ, ಹನಿಗಳು ಕಾಣುವುದಿಲ್ಲ. ಅಲ್ಲಿಂದ ಹಿಂದಿನ ಹಳದಿ ಬ್ಯಾನರಿನ ಅಕ್ಷರಗಳನ್ನು ಓದತೊಡಗಿದೆ. ಓಟಗಾರ ಎಲ್ಲಿ ಎಂದು ಹುಡುಕಿದೆ. ಕೋಣಗಳ ನಡುವೆ ಒಂದು ಮೊಣಕೈ ಮಾತ್ರ ಸಿಕ್ಕಿತು. ಬಲಗಡೆ ಕೋಣದ ಕಿವಿ ಚೌಕಟ್ಟಿನ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿದೆ.

ನೀವು ತೋರಿಸಬೇಕೆಂದಿದ್ದು ಕೋಣಗಳ ಕಸುವನ್ನೋ, ಓಟಗಾರ ಮತ್ತು ಕೋಣಗಳ ಹೊಂದಾಣಿಕೆಯನ್ನೋ? ಅದನ್ನು ತಿಳಿದರೆ ಮುಂದೆ ಹೇಳಬಹುದು.

ಹೊಸ ಕಣ್ಣು (ಕಾರ್ಕಳ):

ಕೋಣಗಳ ಕಸುವು, ಮೇಡಂ. ನನ್ನತ್ತಲೇ ನುಗ್ಗಿ ಬರುವಾಗ ಎದೆ ಝಲ್ಲೆಂದಿತ್ತು. ನೋಡುವವರಿಗೂ ಹಾಗೆ ಅನ್ನಿಸಬೇಕು. ಕಿವಿ ಕತ್ತರಿಸಿದ್ದು ನೀವು ಹೇಳುವವರೆಗೆ ನನ್ನ ಗಮನಕ್ಕೇ ಬಂದಿರಲಿಲ್ಲ.

ಕಡಲತಡಿ (ಉಡುಪಿ):

ಹಾಗಿದ್ದರೆ ಓಟಗಾರ ಕಾಣದಿರುವುದನ್ನು ಕುಂದೆಂದು ಎಣಿಸಬೇಡಿ. ನೀರಿನ ಬಗ್ಗೆ ಹೇಳುತ್ತೇನೆ, ಏಕೆಂದರೆ ಕಂಬಳ ತೆಗೆಯುವ ಬಹುತೇಕ ಹೊಸಬರ ಚಿತ್ರಗಳಲ್ಲಿ ಇದೇ ಆಗುತ್ತದೆ. ಕ್ಯಾಮೆರಾದ ಬೆಳಕಿನ ಅಳತೆ ಎದುರಿಗಿರುವುದೆಲ್ಲ ಮಧ್ಯಮ ಬೂದು ಬಣ್ಣದ್ದೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಕಪ್ಪು ಕೋಣ ಮತ್ತು ಕಂದು ಕೆಸರು ಇದ್ದರೆ ‘ಕತ್ತಲು ಹೆಚ್ಚಾಯಿತು’ ಎಂದುಕೊಂಡು ಬೆಳಕನ್ನು ಏರಿಸುತ್ತದೆ. ಕೋಣ ಬೂದಿಯಾಗುತ್ತದೆ, ಅದಾಗಲೇ ಬಿಸಿಲಿನಲ್ಲಿ ಹೊಳೆಯುತ್ತಿದ್ದ ನೀರು ಸುಟ್ಟು ಬಿಳಿಯಾಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ಏರಿಸುವ, ಇಳಿಸುವ ವ್ಯವಸ್ಥೆ) ಅನ್ನು ಮೈನಸ್ ಮೂರನೇ ಎರಡು ಅಥವಾ ಒಂದು ಸ್ಟಾಪಿಗೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿ ತೆಗೆಯಿರಿ. ಒಂದು ಓಟ ಮುಗಿದ ಕೂಡಲೇ ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ತೋರುವ ನಕ್ಷೆ) ನೋಡಿ. ಬಲಗಡೆಯ ಗೋಡೆಗೆ ಗುಡ್ಡೆ ಒತ್ತಿ ನಿಂತಿದ್ದರೆ ಇನ್ನೂ ಇಳಿಸಿ. ಬೆಳ್ಳಕ್ಕಿಯ ಚಿತ್ರದಲ್ಲೂ ಇದೇ ಗಮನ ಬೇಕು: ಕಡುಹಸಿರು ಗದ್ದೆಯ ನಡುವೆ ನಿಂತ ಬೆಳ್ಳಕ್ಕಿಯ ಗರಿಗಳು ಹೀಗೆಯೇ ಅಳಿಸಿಹೋಗುತ್ತವೆ.

ಬ್ಯಾನರಿಗೆ ಪರಿಹಾರ ನಿಮ್ಮ ಮೊಣಕಾಲಿನಲ್ಲಿದೆ. ನಿಂತು ತೆಗೆದಿದ್ದೀರಿ, ಕೋಣಗಳನ್ನು ಮೇಲಿನಿಂದ ನೋಡಿದಂತಾಗಿದೆ. ಸುರಕ್ಷಿತ ಜಾಗ ಹುಡುಕಿ ನೆಲಮಟ್ಟಕ್ಕೆ ಕುಳಿತರೆ ಕೋಣಗಳ ತಲೆ ಆಕಾಶದತ್ತ ಏಳುತ್ತದೆ, ಬ್ಯಾನರನ್ನು ಕೋಣದ ಮೈಯೇ ಮುಚ್ಚುತ್ತದೆ. ನಿಮಗೆ ಬೇಕಾದ ಝಲ್ಲೆನ್ನುವ ಭಾವ ಆ ಎತ್ತರದಿಂದ ಬರುತ್ತದೆ. ಮಧ್ಯಾಹ್ನದ ಬದಲು ಸಂಜೆ ಸೂರ್ಯ ಕರೆಯ (ಕೋಣಗಳು ಓಡುವ ಕೆಸರಿನ ಹಾದಿಯ) ಆಚೆಗಿರುವಾಗ ತೆಗೆದರೆ ಪ್ರತಿ ಹನಿಯ ಅಂಚೂ ಹೊಳೆಯುತ್ತದೆ. ಮುಂದೆ ಓಟಗಾರನನ್ನು ತೆಗೆಯುವ ಮನಸ್ಸಾದರೆ ಕನೆಹಲಗೆ ವಿಭಾಗಕ್ಕೆ ಕಾಯಿರಿ. ಹಲಗೆಯ ಮೇಲೆ ನಿಂತ ಮನುಷ್ಯ ಮತ್ತು ಮೇಲೆ ಕಟ್ಟಿದ ನಿಶಾನೆಯತ್ತ ಚಿಮ್ಮುವ ನೀರು ಎರಡನ್ನೂ ಪಕ್ಕದಿಂದ ಒಂದೇ ಚೌಕಟ್ಟಿನಲ್ಲಿ ಹಿಡಿಯಬಹುದು.

ಮೂಲ ಫೈಲು ರಾ (ಕ್ಯಾಮೆರಾ ಹಿಡಿದ ಪೂರ್ತಿ ಮಾಹಿತಿ ಉಳಿಸುವ) ರೂಪದಲ್ಲಿದೆಯೇ? ಇದ್ದರೆ ನೀರಿನ ವಿವರ ಸ್ವಲ್ಪ ಮರಳಿ ಬರಬಹುದು. ಕುಗ್ಗಿಸಿ ಉಳಿಸಿದ ಜೆಪೆಗ್ ಮಾತ್ರ ಇದ್ದರೆ ಆಸೆ ಬಿಡಿ.

ಕತ್ತಲಕೋಣೆ (ಬೆಂಗಳೂರು):

ಕಿವಿಯ ವಿಷಯ. ಅಂಚಿನಲ್ಲಿ ಅರೆಬರೆ ಕತ್ತರಿಸಿದ್ದು ಕೈತಪ್ಪಿದಂತೆ ಕಾಣುತ್ತದೆ, ದಿಟ್ಟವಾಗಿ ಕತ್ತರಿಸಿದ್ದು ಆಯ್ಕೆಯಂತೆ ಕಾಣುತ್ತದೆ. ಬಲಗಡೆಯ ಕೋಣವನ್ನು ಬಹುಪಾಲು ಬಿಟ್ಟು, ಎಡಗಡೆಯ ಕೋಣದ ಕಣ್ಣು, ಹೊಳ್ಳೆ, ನೊರೆ, ಎರಡೂ ಕೋಣಗಳನ್ನು ಕೂಡಿಸುವ ನೊಗದ ಒಂದು ತುಂಡು ಇಷ್ಟನ್ನೇ ಉಳಿಸಿ ನೋಡಿ. ಚಿತ್ರ ಲಂಬವಾಗಲಿ. ಕ್ರಾಪ್ ಮಾಡುವುದು ಕೀಳೆಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಚೌಕಟ್ಟನ್ನು ಕತ್ತರಿಸಬಾರದೆಂಬ ನಿಲುವಿಗೆ ಹೆಸರಾದ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ಟಿಯೇ ಬ್ರೆಸಾನ್ ಅವರು 1932ರಲ್ಲಿ ಪ್ಯಾರಿಸ್‌ನಲ್ಲಿ ತೆಗೆದ, ನೀರಿನ ಮೇಲೆ ಜಿಗಿಯುವ ಮನುಷ್ಯನ ಪ್ರಸಿದ್ಧ ಚಿತ್ರವೇ ಕ್ರಾಪ್ ಆಗಿದೆ. ಬೇಲಿಯ ಹಲಗೆಗಳ ಸಂದಿನಿಂದ ತೆಗೆದದ್ದರಿಂದ ಬೇರೆ ದಾರಿ ಇರಲಿಲ್ಲ.

ಇನ್ನೊಂದು ಮಾತು. ಬ್ಯಾನರನ್ನು ಮೊಬೈಲಿನಲ್ಲೇ ಅಳಿಸಿ, ಕಿವಿಯನ್ನು ಎಐಯಿಂದ ಜೋಡಿಸಿ ಎಂದು ಯಾರಾದರೂ ಸಲಹೆ ಕೊಡಬಹುದು. ಸುದ್ದಿ ಅಥವಾ ದಾಖಲೆಯ ವಿಭಾಗಕ್ಕೆ ಕಳುಹಿಸುವ ಚಿತ್ರಕ್ಕೆ ಅಂಥ ಸಲಹೆ ಕೊಡುವುದು ಆ ವ್ಯಕ್ತಿಯನ್ನು ಅನರ್ಹತೆಯತ್ತ ತಳ್ಳಿದಂತೆ. ಸಲಹೆ ಕೊಡುವ ಮೊದಲು ಚಿತ್ರ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಒಳ್ಳೆಯದು. ಬೆಳಕಿಂಡಿಯವರು ಉದ್ದೇಶ ಕೇಳಿ ಎಂದದ್ದನ್ನು ಇಷ್ಟರ ಮಟ್ಟಿಗೆ ಒಪ್ಪುತ್ತೇನೆ.

ಕೆರೆದಂಡೆ (ಗದಗ):

ತಡವಾಗಿ ಬಂದೆ. ನಾನು ಹಕ್ಕಿಗಳ ಚಿತ್ರ ತೆಗೆಯುವವನು. ಇಲ್ಲಿ ಇನ್ನೂ ಬಾರದ ಒಂದು ಕಷ್ಟದ ಸಂದರ್ಭವಿದೆ: ಚಿತ್ರ ಅತ್ಯಂತ ಸುಂದರ, ತಾಂತ್ರಿಕವಾಗಿ ಹುಳುಕೇ ಇಲ್ಲ, ಆದರೆ ತೆಗೆದ ರೀತಿ ಸರಿಯಿಲ್ಲ.

ಸೂರಕ್ಕಿಯ ಗೂಡು, ಒಳಗಿಂದ ಬಾಯಿ ತೆರೆದ ಮರಿಗಳು, ತಾಯಿ ಉಣಿಸುತ್ತಿರುವ ಚಿತ್ರವೊಂದನ್ನು ಹೊಸಬರೊಬ್ಬರು ನನಗೆ ಕಳುಹಿಸಿದರು. ಗೂಡಿನ ಮುಂದೆ ಒಂದು ಎಲೆಯೂ ಅಡ್ಡವಿರಲಿಲ್ಲ. ಕೊಂಬೆ ಸವರಿದ್ದಾರೆಂದು ಅನುಮಾನ ಬಂತು. ಮರೆ ಹೋದರೆ ಗೂಡಿಗೆ ನೇರ ಬಿಸಿಲು ತಗಲುತ್ತದೆ, ಕಾಗೆಗೆ ದಾರಿ ಸಿಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬುದರ ವ್ಯಾಖ್ಯಾನದೊಳಗೆ ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಇಂಥ ಚಿತ್ರಕ್ಕೆ ಬೆಳಕಿನ ಬಗ್ಗೆ ನಾನು ಒಂದು ಮಾತೂ ಹೇಳುವುದಿಲ್ಲ. ನಾಲ್ಕು ಜನರ ಮುಂದೆ ಆಪಾದನೆಯನ್ನೂ ಮಾಡುವುದಿಲ್ಲ. ಪ್ರತ್ಯೇಕವಾಗಿ ಫೋನ್ ಮಾಡಿ ‘ಎಷ್ಟು ದೂರದಿಂದ ತೆಗೆದಿರಿ, ಎಷ್ಟು ಹೊತ್ತು ಇದ್ದಿರಿ, ಕೊಂಬೆ ಮೊದಲೇ ಹಾಗಿತ್ತೇ’ ಎಂದು ಕೇಳುತ್ತೇನೆ. ಕೆಲವೊಮ್ಮೆ ಅನುಮಾನ ಸುಳ್ಳಾಗುತ್ತದೆ. ನಿಜವಾಗಿದ್ದರೆ ಕಾರಣ ವಿವರಿಸಿ ಚಿತ್ರ ಹಂಚಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲೂ ಇದೇ ಕಥೆ. ಹಿಮಾಲಯ ದಾಟಿ ಬಂದ ಪಟ್ಟೆತಲೆಯ ಹೆಬ್ಬಾತುಗಳು ಗುಂಪಾಗಿ ಏಳುವ ಚಿತ್ರಕ್ಕೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅವು ತಾವಾಗಿ ಎದ್ದವೋ, ಯಾರಾದರೂ ದಂಡೆಯಲ್ಲಿ ನುಗ್ಗಿ ಎಬ್ಬಿಸಿದರೋ ಎಂದು ಕೇಳುವವರು ಕಡಿಮೆ. ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ. ನಾವು ಯಾವ ಚಿತ್ರವನ್ನು ಹೊಗಳುತ್ತೇವೋ ಅದನ್ನೇ ನಾಳೆ ಇನ್ನೊಬ್ಬ ತೆಗೆಯಲು ಹೊರಡುತ್ತಾನೆ.

ಬಿಳಿಜೋಳ (ಕಲಬುರಗಿ):

ಕೆರೆದಂಡೆಯವರ ಮಾತಿಗೆ ಹೊಂದಿಕೊಂಡೇ ಇನ್ನೊಂದು. ಮನುಷ್ಯರ ಚಿತ್ರಗಳಿಗೆ ನಮ್ಮಲ್ಲಿ ಬರುವ ಸಲಹೆಗಳಲ್ಲಿ ನನಗೆ ತೀರ ಸಂಕಟವಾಗುವುದು ‘ಮುಖ ಸ್ವಲ್ಪ ಬೆಳ್ಳಗೆ ಮಾಡಿ’ ಎಂಬುದು. ರಾಶಿ ಮಾಡುವ ಹೆಂಗಸೊಬ್ಬರ ಚಿತ್ರ ತೋರಿಸಿದೆ. ಸುಣ್ಣ ಬಳಿದ ಗೋಡೆಯ ಮುಂದೆ ಕುಳಿತಿದ್ದರು. ಬಂದ ಸಲಹೆಗಳೆಲ್ಲ ಫಿಲ್ಟರ್ ಹಾಕಿ, ಚರ್ಮ ನುಣುಪು ಮಾಡಿ ಎಂಬವು.

ಚಿತ್ರದಲ್ಲಿ ಮುಖ ಕತ್ತಲಾಗಿತ್ತು, ನಿಜ. ಆದರೆ ಕಾರಣ ಕಡಲತಡಿಯವರು ಹೇಳಿದ್ದೇ, ತಿರುವುಮುರುವಾಗಿ: ಬಿಳಿ ಗೋಡೆ ನೋಡಿದ ಕ್ಯಾಮೆರಾ ಬೆಳಕನ್ನು ಇಳಿಸಿಬಿಟ್ಟಿತ್ತು. ಮುಖದ ಮೇಲೆ ಸ್ಪಾಟ್ ಮೀಟರಿಂಗ್ (ಆ ಜಾಗದ ಬೆಳಕನ್ನಷ್ಟೇ ಅಳೆಯುವುದು) ಮಾಡಿ, ಅಥವಾ ಪ್ಲಸ್ ಮೂರನೇ ಎರಡು ಸ್ಟಾಪ್ ಏರಿಸಿ ಎಂದಿದ್ದರೆ ಅದು ಉಪಯೋಗದ ಮಾತು. ಅವರ ನಿಜವಾದ ಮೈಬಣ್ಣ ಅದರ ಎಲ್ಲ ಕಾಂತಿಯೊಂದಿಗೆ ಬರುತ್ತಿತ್ತು. ಬಣ್ಣವನ್ನೇ ಬದಲಿಸಿ ಎನ್ನುವುದು ಚಿತ್ರದ ಬಗ್ಗೆ ಕೊಟ್ಟ ಸಲಹೆಯಲ್ಲ, ಆ ಹೆಂಗಸಿನ ಬಗ್ಗೆ ಕೊಟ್ಟ ತೀರ್ಪು. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರು ಸಾಮಾನ್ಯ ಜನರನ್ನೇ ತಮ್ಮ ವಿಷಯವಾಗಿಸಿಕೊಂಡಿದ್ದವರು. ಅವರ ಚಿತ್ರಗಳಲ್ಲಿನ ಮುಖಗಳನ್ನು ನೋಡಿ. ಯಾರನ್ನೂ ಅವರು ಇದ್ದದ್ದಕ್ಕಿಂತ ಬೇರೆಯಾಗಿ ತೋರಿಸಲು ಹೋಗಿಲ್ಲ.

ಜೊತೆಗೆ ಒಂದು ಸಣ್ಣ ಸಂಗತಿ. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ಕುಗ್ಗುತ್ತದೆ. ಆ ಪ್ರತಿಯನ್ನು ನೋಡಿ ‘ಶಾರ್ಪ್ ಇಲ್ಲ’ ಎನ್ನಬೇಡಿ. ಡಾಕ್ಯುಮೆಂಟ್ ಆಗಿ ತರಿಸಿಕೊಂಡು ನೋಡಿ.

ಹೊಸ ಕಣ್ಣು (ಕಾರ್ಕಳ):

ಎಲ್ಲರಿಗೂ ಧನ್ಯವಾದ. ರಾ ಫೈಲು ಇತ್ತು. ಹೈಲೈಟ್ (ತೀರ ಬೆಳಕಿನ ಭಾಗ) ಇಳಿಸಿದಾಗ ಕೆಳಭಾಗದ ಹನಿಗಳು ಕಂಡವು, ಮೇಲಿನ ಭಾಗ ಪೂರ್ತಿ ಹೋಗಿದೆ. ಕತ್ತಲಕೋಣೆ ಸರ್ ಹೇಳಿದಂತೆ ಲಂಬವಾಗಿ ಕತ್ತರಿಸಿದ ಪ್ರತಿಯನ್ನೂ ಹಾಕಿದ್ದೇನೆ. ಬ್ಯಾನರ್ ಅದರೊಂದಿಗೇ ಹೋಯಿತು.

ಒಂದು ಪ್ರಶ್ನೆ. ನನ್ನ ಚಿಕ್ಕಮ್ಮನ ಮಗಳು ಈಗಷ್ಟೇ ಮೊಬೈಲಿನಲ್ಲಿ ತೆಗೆಯಲು ಶುರುಮಾಡಿದ್ದಾಳೆ. ಅಂಗಳದ ದಾಸವಾಳದ ಚಿತ್ರ ಕಳುಹಿಸಿ ‘ಅಣ್ಣ, ಹೇಗಿದೆ?’ ಎನ್ನುತ್ತಾಳೆ. ನಡುವೆ ಒಂದು ಹೂವು, ಅಷ್ಟೇ. ಮೆಚ್ಚಲು ಏನೂ ಸಿಗದಿದ್ದಾಗ ಏನು ಹೇಳಬೇಕು?

ಬೆಳಕಿಂಡಿ (ಸಾಗರ):

ಸುಳ್ಳು ಮೆಚ್ಚುಗೆ ಬೇಡ. ಮಕ್ಕಳು ಅದನ್ನು ಬೇಗ ಗುರುತಿಸುತ್ತಾರೆ. ‘ಇದರ ಹಿಂದೆ ಮುಂದೆ ತೆಗೆದ ಚಿತ್ರಗಳನ್ನೂ ಕಳುಹಿಸು’ ಎಂದು ಕೇಳಿ. ಒಂದೇ ಚಿತ್ರ ನೋಡಿದರೆ ಫಲಿತಾಂಶ ಮಾತ್ರ ಕಾಣುತ್ತದೆ. ಐದಾರು ಚಿತ್ರ ನೋಡಿದರೆ ಅವಳು ಎಲ್ಲಿ ನಿಂತಳು, ಯಾವಾಗ ಹತ್ತಿರ ಹೋದಳು, ಎಲ್ಲಿ ಬೇಸರವಾಗಿ ಬಿಟ್ಟಳು ಎಂಬುದೆಲ್ಲ ತಿಳಿಯುತ್ತದೆ. ಬಿಟ್ಟ ಚಿತ್ರಗಳಲ್ಲೇ ಒಳ್ಳೆಯದೊಂದು ಇರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಏನೂ ಸಿಗದಿದ್ದರೂ ಅವಳಿಗೆ ಒಂದು ಕೆಲಸ ಕೊಡಬಹುದು: ಅದೇ ಹೂವನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೆಗೆದು ಮೂರನ್ನೂ ಪಕ್ಕಪಕ್ಕ ಇಟ್ಟು ಅವಳೇ ವ್ಯತ್ಯಾಸ ಹೇಳಲಿ.

ಕತ್ತಲಕೋಣೆ (ಬೆಂಗಳೂರು):

ಇದು ನಮ್ಮ ಕಾಂಟ್ಯಾಕ್ಟ್ ಶೀಟಿನ ಅಭ್ಯಾಸವೇ. ಇಡೀ ರೋಲನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿ, ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋಗುತ್ತಿದ್ದೆವು. ಕಲಿಸುವವರು ಹೇಳುವುದಕ್ಕಿಂತ ಹೆಚ್ಚನ್ನು ಆ ಹಾಳೆ ಹೇಳುತ್ತಿತ್ತು.

ಕಾರ್ಕಳದವರ ಲಂಬ ಪ್ರತಿ ನೋಡಿದೆ. ಕಣ್ಣು ಮತ್ತು ನೊರೆ ಈಗ ಒಂದಕ್ಕೊಂದು ಮಾತನಾಡುತ್ತಿವೆ. ನೊಗದ ಮೇಲಿನ ಜಾಗ ಇನ್ನೂ ಒಂದಿಷ್ಟು ಕಡಿಮೆಯಾಗಲಿ. ಆದರೆ ಈ ಫೈಲನ್ನು ಇನ್ನು ಹೆಚ್ಚು ತಿದ್ದುತ್ತಾ ಕೂರಬೇಡಿ. ಸುಟ್ಟುಹೋದ ನೀರು ಮರಳುವುದಿಲ್ಲ. ಕಟುವಾಗಿ ಹೇಳಿದರೂ ತಪ್ಪಿಲ್ಲ ಎಂಬ ನನ್ನ ನಿಲುವು ಹಾಗೆಯೇ ಇದೆ. ಕಾರ್ಕಳದವರು ನೇರವಾಗಿ ಹೇಳಿ ಎಂದು ಕೇಳಿದ್ದರಿಂದಲೇ ಇಷ್ಟೆಲ್ಲ ಹೇಳಲು ಸಾಧ್ಯವಾಯಿತು.

ಕಡಲತಡಿ (ಉಡುಪಿ):

ಕೇಳಿದವರಿಗೆ ಕಟುವಾಗಿ ಹೇಳಿ ಸರ್, ಕೇಳದವರಿಗೆ ಬೇಡ. ಇದರಲ್ಲಿ ನಾವಿಬ್ಬರೂ ಒಂದಾಗಬಹುದೇನೋ.

ಹೊಸ ಕಣ್ಣು ಅವರೇ, ಋತು ಮಾರ್ಚ್ ತನಕ ಇದೆ. ಮುಂದಿನ ಕಂಬಳಕ್ಕೆ ನಾನೂ ಬರುತ್ತೇನೆ. ಬೆಳಿಗ್ಗೆಯೇ ಬಂದು ಸೂರ್ಯ ಯಾವ ಕಡೆ ಇಳಿಯುತ್ತಾನೆಂದು ನೋಡಿ ಜಾಗ ಗೊತ್ತುಮಾಡಿಕೊಳ್ಳೋಣ, ಕರೆಯವರ ಅನುಮತಿಯನ್ನೂ ಕೇಳೋಣ. ಕೆಳಗೆ ಕುಳಿತರೆ ಕೆಸರು ಲೆನ್ಸಿಗೇ ಬರುತ್ತದೆ. ಪ್ಲಾಸ್ಟಿಕ್ ಹೊದಿಕೆ, ಲೆನ್ಸ್ ಹುಡ್, ಎರಡು ಒಣ ಬಟ್ಟೆ ತನ್ನಿ. ಓಟದ ನಡುವೆ ಲೆನ್ಸ್ ಬದಲಿಸಲು ಹೋಗಬೇಡಿ.